ಬೆನ್ನು ತಿರುಗಿಸದವಳು

"ಜನ ಪ್ರಾರ್ಥನೆಗೆ ಹೋಗೋದು ದೇವರಿಗಾಗಿ ಅಲ್ಲ ಮೇಡಂ. ಒಂಟಿಯಾಗಿಬಿಡ್ತೀವಿ ಅನ್ನೋ ಭಯಕ್ಕೆ."

ಕೊನೆಯ ಬೆಂಚಿನಿಂದ ಬಂದ ಆ ಮಾತಿಗೆ ಯಾರೋ ಕಿಸಕ್ಕನೆ ನಕ್ಕರು. ಮುಂದಿನ ಬೆಂಚಿನಲ್ಲಿದ್ದ ಅವಳಿಗೆ ಮಾತ್ರ ಮೈಯೆಲ್ಲ ಉರಿದುಹೋಯಿತು.

ಧರ್ಮದ ಸಮಾಜಶಾಸ್ತ್ರದ ಮೊದಲ ತರಗತಿ ಅದು. ಸಂಜೆಯ ಕೋರ್ಸು. ಬಂದವರಲ್ಲಿ ಅರ್ಧ ಜನ ಹಗಲೆಲ್ಲ ದುಡಿದು ಸೋತ ಮುಖದವರು. ಅವಳೂ ಬೆಳಗಿನಿಂದ ಅಪ್ಪನ ಹೊಲಿಗೆ ಅಂಗಡಿಯಲ್ಲಿ ಅಂಗಿಗಳಿಗೆ ಗುಂಡಿ ಹಾಕಿ ಹಾಕಿ ಬೆರಳು ಚುಚ್ಚಿಸಿಕೊಂಡು ಬಂದಿದ್ದಳು.

ಓದಿದ ಯಾವ ತರಗತಿಯಲ್ಲೂ ಬಾಯಿ ಬಿಡದವಳು ಅಂದು ಎದ್ದು ನಿಂತಳು.

"ನೀವು ಯಾವತ್ತಾದ್ರೂ ಪ್ರಾರ್ಥನೆಗೆ ಕೂತಿದ್ದೀರಾ?"

"ಕೂತಿದ್ದೆ. ಚಿಕ್ಕವನಿದ್ದಾಗಿಂದ."

"ಹಾಗಾದ್ರೆ ಕಣ್ಣು ಮುಚ್ಚಿ ನಿದ್ದೆ ಮಾಡಿರ್ತೀರಿ. ನಮ್ಮಪ್ಪ ಬಟ್ಟೆ ಹೊಲಿಯೋರು. ನಮ್ಮ ಪ್ರಾರ್ಥನಾ ಸಭೆಗೆ ಹಿರಿಯರು ಕೂಡ. ಜ್ವರ ಸುಡ್ತಿದ್ರೂ ಎದ್ದು ಹೋಗಿ ಪ್ರಾರ್ಥನೆ ನಡೆಸಿಕೊಡ್ತಾರೆ. ಅದು ಭಯ ಅಲ್ಲ."

ಕೊನೆಯ ಬೆಂಚಿನವನ ತುಟಿಯಂಚಿನ ನಗು ಅಲ್ಲೇ ಆರಿತು.

"ಯಾವ ಸಭೆ?"

ಅವಳು ಹೇಳಿದಳು. ಅವನು ಅವಳನ್ನೇ ಒಂದು ಕ್ಷಣ ದಿಟ್ಟಿಸಿ ಕುಳಿತುಬಿಟ್ಟ.

'ಗೆದ್ದೆ' ಅಂದುಕೊಂಡಳು ಅವಳು. ಆದರೆ ಆ ನೋಟ... ಮನೆ ಸೇರುವವರೆಗೂ ಬೆನ್ನಿಗೆ ಅಂಟಿಕೊಂಡೇ ಬಂತು.

ಮನೆಯಲ್ಲಿ ಅವಳು ಗುಬ್ಬಿ. ದನಿ ಸಣ್ಣದೆಂದು ಅಜ್ಜಿ ಇಟ್ಟ ಹೆಸರು. ತಾಯಿಯಿಲ್ಲದ ಮನೆಯಲ್ಲಿ ಅಪ್ಪ, ಅಜ್ಜಿ, ಗುಬ್ಬಿ ಮೂವರೇ. ಆ ಸಣ್ಣ ದನಿಯೇ ಸಭೆಯಲ್ಲಿ ಮೊದಲ ಹಾಡು ಹಾಡುತ್ತಿತ್ತು. ಈ ಕೋರ್ಸಿಗೆ ಅಪ್ಪ ಒಪ್ಪಿದ್ದೂ ಸಭೆಗಾಗಿಯೇ.

"ಓದು. ನಮ್ಮ ಮಕ್ಕಳಿಗೆ ನಾಳೆ ನೀನೇ ಪಾಠ ಹೇಳ್ಬೇಕು. ಹೊರಗಿನವರು ಏನು ಕೇಳ್ತಾರೆ ಅಂತ ಗೊತ್ತಿರಲಿ" ಎಂದಿದ್ದರು.

ಕೊನೆಯ ಬೆಂಚಿನವನಿಗೆ ಎರಡೇ ವಾರದಲ್ಲಿ 'ತಕರಾರು' ಎಂಬ ಹೆಸರು ಬಿತ್ತು. ಮೇಡಂ 'ಗುಡ್ ಈವ್ನಿಂಗ್' ಅಂದರೂ ಪುರಾವೆ ಕೇಳುವವನು. ಹಗಲಲ್ಲಿ ಕೃತಕ ಹಲ್ಲು ತಯಾರಿಸುವ ಲ್ಯಾಬಿನಲ್ಲಿ ಕೆಲಸ. ಉಗುರಿನ ಸಂದಿಯಲ್ಲಿ ಬಿಳಿ ಪುಡಿ ಯಾವಾಗಲೂ ಉಳಿದಿರುತ್ತಿತ್ತು.

ಮೇಡಂ ಇಬ್ಬಿಬ್ಬರನ್ನು ಜೋಡಿ ಮಾಡಿದಾಗ ಗುಬ್ಬಿಗೆ ಸಿಕ್ಕವನು ಅವನೇ. ಬೇರೆ ಬೇರೆ ಪ್ರಾರ್ಥನಾ ಸ್ಥಳಗಳಿಗೆ ಹೋಗಿ, ಹಿಂದೆ ಕುಳಿತು, ಜನ ಏನು ಮಾಡುತ್ತಾರೆಂದು ನೋಡಿ ಬರಬೇಕು. ಕೊನೆಗೆ ಜೊತೆಗಾರನನ್ನು ತಮ್ಮದೇ ಸ್ಥಳಕ್ಕೆ ಕರೆದೊಯ್ಯಬೇಕು.

"ನಂಬಿಕೆ ಸರಿಯೋ ತಪ್ಪೋ ಅಂತ ನಾವು ತೀರ್ಪು ಕೊಡೋಕೆ ಹೋಗ್ತಿಲ್ಲ. ನಂಬಿಕೆ ಜನರನ್ನ ಹೇಗೆ ಕಟ್ಟುತ್ತೆ, ಯಾರನ್ನ ಹೊರಗಿಡುತ್ತೆ, ಅದನ್ನ ನೋಡಿ" ಎಂದರು ಮೇಡಂ.

ಮೊದಮೊದಲು ಬಸ್ಸಿನಲ್ಲಿ ಬರೀ ಜಗಳ. ಆಮೇಲೆ ಜಗಳವಿಲ್ಲದ ದಿನ ಗುಬ್ಬಿಗೆ ಏನೋ ಕಳೆದುಕೊಂಡಂತೆ ಅನಿಸತೊಡಗಿತು. ಒಮ್ಮೆ ಒಂದು ದೊಡ್ಡ ಸಭಾಂಗಣದಲ್ಲಿ ಜನ ಒಕ್ಕೊರಲಿನಿಂದ ಹಾಡುವಾಗ ಅವನತ್ತ ಓರೆಗಣ್ಣಿನಿಂದ ನೋಡಿದಳು. ಅವನ ಕಣ್ಣು ಮುಚ್ಚಿತ್ತು. ತುಟಿ ಅಲುಗುತ್ತಿತ್ತು.

"ತಕರಾರು ಸಾಹೇಬ್ರು ಹಾಡ್ತಿದ್ರಿ" ಎಂದು ಹೊರಗೆ ಬಂದು ಛೇಡಿಸಿದಳು.

"ಆಕಳಿಸ್ತಿದ್ದೆ."

"ರಾಗವಾಗಿ ಆಕಳಿಸೋರನ್ನ ಇವತ್ತೇ ನೋಡಿದ್ದು."

ಅವನು ನಕ್ಕ. ಮನಸ್ಸು ಬಿಚ್ಚಿ ನಕ್ಕ. ಆ ನಗುವಿನಿಂದ ಗುಬ್ಬಿಗೆ ಕಣ್ಣು ಕೀಳಲಾಗಲಿಲ್ಲ. 'ಬೇಡ ಗುಬ್ಬಿ... ಇವನು ಹೊರಗಿನವನು' ಎಂದು ತನಗೆ ತಾನೇ ಹೇಳಿಕೊಂಡಳು. ಮನಸ್ಸು ಕೇಳಬೇಕಲ್ಲ. ನೀವು ಎಂಬುದು ಯಾವಾಗ ನೀನು ಆಯಿತೋ, ಮನೆಯವರ 'ಗುಬ್ಬಿ' ಯಾವಾಗ ಅವನ ಬಾಯಿಗೂ ಬಂತೋ ಇಬ್ಬರಿಗೂ ತಿಳಿಯಲಿಲ್ಲ.

ಅವಳ ಸಭೆಗೆ ಹೋಗುವ ಸರದಿ ಬಂದಾಗ ಅವನ ಮುಖ ಗಂಟಿಕ್ಕಿತು.

"ಅಲ್ಲಿಗೆ ಮಾತ್ರ ಬೇಡ."

"ಯಾಕೆ?"

"ಬೇಡ ಅಂದ್ನಲ್ಲ ಗುಬ್ಬಿ."

"ಊರೋರ ಪ್ರಾರ್ಥನೆಗೆಲ್ಲ ಬಂದೆ. ನಮ್ಮದು ಮಾತ್ರ ನಿನ್ನ ಕಣ್ಣಿಗೆ ಕಸಾನಾ?" ಅವಳ ಕಣ್ಣು ತುಂಬಿತು. "ನಾನೂ ಅಷ್ಟೇನಾ ನಿಂಗೆ?"

ಅವನು ಉಗುರಿನ ಬಿಳಿ ಪುಡಿ ಕೆರೆಯುತ್ತಾ ಕುಳಿತ. ನಂತರ "ಬರ್ತೀನಿ" ಎಂದ, ಶಿಕ್ಷೆ ಒಪ್ಪಿಕೊಂಡವನ ದನಿಯಲ್ಲಿ.

ಅಂದು ಸಭೆ ತುಂಬಿತ್ತು. ಗುಬ್ಬಿ ಮುಂದೆ ನಿಂತು ಮೊದಲ ಹಾಡು ಮುಗಿಸಿದ್ದಳು. ಅಪ್ಪ ವೇದಿಕೆ ಹತ್ತಿ ಮಾತು ಆರಂಭಿಸಿದರು. ಅಷ್ಟರಲ್ಲಿ ಬಾಗಿಲು ಸರಿಸಿ ಅವನು ಒಳಗೆ ಬಂದ.

ಅಪ್ಪನ ಮಾತು ಅರ್ಧಕ್ಕೇ ನಿಂತಿತು. ಮುಖ ಬಿಳಿಚಿತು.

"ದೂರ ಇಟ್ಟವರು ಒಳಗೆ ಬಂದಿದ್ದಾರೆ" ಎಂದರು ಮೆಲ್ಲಗೆ.

ಸಭೆಯ ಹಳೆಯ ನಿಯಮ ಅದು. ನಿಯಮ ಮೀರಿದವರನ್ನು ದೂರ ಇಡುವುದು. ಅವರನ್ನು ಮಾತನಾಡಿಸುವಂತಿಲ್ಲ. ಅವರು ಎದುರಾದರೆ ಮುಖ ತೋರಿಸುವಂತಿಲ್ಲ. ಗುಬ್ಬಿ ಅದನ್ನು ಕೇಳಿದ್ದಳೇ ಹೊರತು ಕಂಡಿರಲಿಲ್ಲ.

ಬಾಗಿಲತ್ತ ಹೊರಳಿ ನೋಡಿದ ಜನ ಸಾಲಿಗೆ ಸಾಲು ಎದ್ದು ನಿಂತರು. ಒಂದೊಂದಾಗಿ ಎಲ್ಲ ಬೆನ್ನುಗಳೂ ಅವನತ್ತ ತಿರುಗಿದವು. ಚಪ್ಪಲಿ ಉಜ್ಜಿದ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಪಕ್ಕದಲ್ಲಿದ್ದ ಸೋದರತ್ತೆ ಗುಬ್ಬಿಯ ತೋಳು ಜಗ್ಗಿದಳು.

ಗುಬ್ಬಿಯೂ... ತಿರುಗಿ ನಿಂತಳು.

ಯೋಚಿಸಿ ತಿರುಗಿದ್ದಲ್ಲ. ಕಾಲುಗಳೇ ತಿರುಗಿದವು. ಎದುರಿನ ಗೋಡೆ ನೋಡುತ್ತಾ ನಿಂತವಳಿಗೆ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು. ಆಗ ಮಾತ್ರ ತಾನೇನು ಮಾಡಿದೆನೆಂದು ಗೊತ್ತಾಯಿತು.

ಸೋದರತ್ತೆ ಮನೆಗೆ ಬಂದು ಎಲ್ಲ ಹೇಳಿದಳು. ಗುಬ್ಬಿ ಇನ್ನೂ ಪುಟ್ಟ ಹುಡುಗಿಯಾಗಿದ್ದಾಗ, ಹಿಂದಿನ ಊರಿನಲ್ಲಿ ಅಪ್ಪನೇ ಹಿರಿಯರಾಗಿದ್ದಾಗಿನ ಮಾತು. ಅವನ ತಾಯಿ ವಿಧವೆ. ಸಭೆಯ ಹೊರಗಿನವನನ್ನು ಮರುಮದುವೆಯಾದಳು. ಅಪ್ಪ ಅವಳನ್ನು ದೂರ ಇಟ್ಟರು. ಮಗನಿಗೆ, ಮೀಸೆ ಚಿಗುರದ ಹುಡುಗನಿಗೆ, 'ಸಭೆಯೋ ತಾಯಿಯೋ ಆರಿಸಿಕೋ' ಎಂದರು. ಅವನು ತಾಯಿಯ ಕೈ ಹಿಡಿದು ಹೊರನಡೆದ. ಅಂದಿನಿಂದ ಅವನನ್ನೂ ದೂರ ಇಟ್ಟರು.

ಮರುದಿನ ಅವನನ್ನು ಗ್ರಂಥಾಲಯದ ಮೆಟ್ಟಿಲ ಬಳಿ ಹಿಡಿದು ನಿಲ್ಲಿಸಿದಳು.

"ನಾನು ಯಾರ ಮಗಳು ಅಂತ ನಿಂಗೆ ಗೊತ್ತಿತ್ತಾ?"

"ಮೊದಲ ದಿನದಿಂದ."

"ಅದಕ್ಕೇ ನನ್ನ ಹಿಂದೆ ಬಂದ್ಯಾ? ನಮ್ಮಪ್ಪನ ಮೇಲೆ ಸೇಡಿಗೆ?"

"ಹಿಂದೆ ಬಂದಿದ್ದು ನಾನಲ್ಲ, ಜೋಡಿ ಹಾಕಿದ್ದು ಮೇಡಂ." ಅವನು ಒಂದು ಮೆಟ್ಟಿಲು ಇಳಿದ. "ಬರಲ್ಲ ಅಂದೆ. ನೀನು ಕಣ್ಣೀರು ಹಾಕಿ ಕರೆದೆ. ಬಂದೆ. ಅಷ್ಟು ಬೆನ್ನು ನೋಡೋಕೆ ನಾನು ಮನಸ್ಸು ಗಟ್ಟಿ ಮಾಡಿಕೊಂಡೇ ಬಂದಿದ್ದೆ ಗುಬ್ಬಿ. ನಿನ್ನದೂ ಇರುತ್ತೆ ಅಂದ್ಕೊಂಡಿರಲಿಲ್ಲ."

ಅವಳು ಬಾಯಿ ತೆರೆಯುವಷ್ಟರಲ್ಲಿ ಅವನು ಮೆಟ್ಟಿಲಿಳಿದು ಹೋಗಿಯಾಗಿತ್ತು.

ಅಪ್ಪನ ಮಾತು ಇನ್ನೂ ಚಿಕ್ಕದಾಗಿತ್ತು. "ಆ ಕೋರ್ಸು ಬಿಡು."

"ಅಪ್ಪ, ಅವನು ಮಾಡಿದ ತಪ್ಪೇನು?"

"ನಿಯಮ ನಾನು ಮಾಡಿದ್ದಲ್ಲ."

"ಹೇಳಿದ್ದು ನೀವೇ ಅಲ್ವಾ?"

ಅಪ್ಪ ಹೊಲಿಗೆ ಯಂತ್ರ ತುಳಿಯಲಾರಂಭಿಸಿದರು. ಆ ಸದ್ದಿನ ಮೇಲೆ ಮಾತು ಮುಂದುವರಿಯಲಿಲ್ಲ. ಮೂಲೆಯಲ್ಲಿದ್ದ ಅಜ್ಜಿ ಇಬ್ಬರನ್ನೂ ನೋಡಿ, "ಈ ಮನೇಲಿ ಯಂತ್ರಕ್ಕೆ ಎಣ್ಣೆ ಹಾಕೋರಿದ್ದಾರೆ, ಮನುಷ್ಯರಿಗೆ ಇಲ್ಲ" ಎಂದು ಗೊಣಗಿದಳು.

ಗುಬ್ಬಿ ಕೋರ್ಸು ಬಿಡಲಿಲ್ಲ. ಅವನು ತರಗತಿಗೆ ಬರುವುದನ್ನೇ ಬಿಟ್ಟಿದ್ದ. ಮೇಡಂ ಬಳಿ ವಿಳಾಸ ಕೇಳಿಕೊಂಡು ಅವನ ಮನೆಗೆ ಹೋದಳು. ಬಾಗಿಲು ತೆರೆದವಳು ಅವನ ತಾಯಿ.

"ನೀನು ಗುಬ್ಬಿ ಅಲ್ವಾ? ಬಾ ಒಳಗೆ. ಅವನು ಕೆಲಸಕ್ಕೆ ಹೋಗಿದ್ದಾನೆ."

ಗುಬ್ಬಿ ಬಾಗಿಲಲ್ಲೇ ನಿಂತಳು. ಏನೆಂದು ಕರೆಯಬೇಕೋ ತಿಳಿಯದೆ "ಅಮ್ಮಾ..." ಎಂದಳು.

"ಆ ಊರಲ್ಲಿ ನಿಮ್ಮಪ್ಪನ ಅಂಗಡೀಲೇ ನಾನು ಗುಂಡಿ ತೂರಿಸೋ ಕಾಜಾ ಹೊಲೀತಿದ್ದೆ. ಚೆನ್ನಾಗಿದ್ದಾರಾ?"

ಆ ಪ್ರಶ್ನೆಯಲ್ಲಿ ವ್ಯಂಗ್ಯವಿರಲಿಲ್ಲ. ಅದಕ್ಕೇ ಗುಬ್ಬಿಗೆ ಅಳು ತಡೆಯಲಾಗಲಿಲ್ಲ.

"ನಿಮಗೆ ಅವರ ಮೇಲೆ ಕೋಪ ಇಲ್ವಾ?"

"ಇತ್ತು. ಅವತ್ತು ನನ್ನನ್ನ ದೂರ ಇಡೋವಾಗ ಅವರೂ ಅತ್ತಿದ್ರು ಮಗಳೇ. ಅತ್ತೂ ಹೇಳಿದ್ರು. ಅದನ್ನೇ ನಾನು ತಡೆಯೋಕೆ ಆಗಲಿಲ್ಲ." ಆಕೆ ಸೆರಗಿನಿಂದ ಗುಬ್ಬಿಯ ಕೆನ್ನೆ ಒರೆಸಿದಳು. "ನನ್ನ ಗಂಡ ಒಳ್ಳೆಯವರು. ಬದುಕಿರೋವರೆಗೂ ಒಂದು ಕೊರತೆ ಮಾಡಲಿಲ್ಲ. ಆದ್ರೆ ಈಗಲೂ ಅಡುಗೆ ಮಾಡೋವಾಗ ಬಾಯಿಗೆ ಬರೋದು ಅದೇ ಹಾಡು. ಎಲ್ಲರ ಜೊತೆ ಕೂತು ಒಂದ್ಸಲ ಹಾಡ್ಬೇಕು ಅನ್ಸುತ್ತೆ."

"ಬರ್ತೀರಾ?"

"ಬೆನ್ನು ತೋರಿಸ್ತಾರೆ."

"ತೋರಿಸಲಿ. ನಾನು ತೋರಿಸಲ್ಲ."

ತಾಯಿ ಅವಳ ಗಲ್ಲ ಹಿಡಿದೆತ್ತಿದಳು. "ಅದರ ಬೆಲೆ ಗೊತ್ತಾ ನಿಂಗೆ?"

"ಗೊತ್ತು" ಎಂದಳು ಗುಬ್ಬಿ.

ಮುಂದಿನ ಸಭೆಗೆ ಅವನ ತಾಯಿ ಬಂದೇ ಬಂದಳು. ಒಗೆದು ಮಡಿಸಿದ ಬಟ್ಟೆ ಉಟ್ಟು, ಹಿಂದಿನ ಸಾಲಿನಲ್ಲಿ ಕುಳಿತಳು. ಸುದ್ದಿ ತಿಳಿದ ಮಗ ಲ್ಯಾಬಿನ ಏಪ್ರನ್ನಿನಲ್ಲೇ ಓಡಿಬಂದು ಬಾಗಿಲಲ್ಲಿ ನಿಂತ. ಅಪ್ಪ ನೋಡಿದರು. ಹೇಳಬೇಕಾದುದನ್ನು ಹೇಳಿದರು. ಬೆನ್ನುಗಳು ತಿರುಗಿದವು.

ಗುಬ್ಬಿ ಹಾಡುವ ಜಾಗದಿಂದ ಇಳಿದಳು. ಎರಡು ಸಾಲಿನ ನಡುವೆ ನಡೆದುಹೋಗಿ ತಾಯಿಯ ಪಕ್ಕ ಕುಳಿತಳು.

"ಗುಬ್ಬಿ, ನಿನ್ನ ಜಾಗಕ್ಕೆ ಬಾ."

"ಇಲ್ಲೇ ಕೂತ್ಕೋತೀನಿ ಅಪ್ಪ."

"ನಿಯಮ ಗೊತ್ತಲ್ಲ? ಅವರ ಜೊತೆ ಕೂತೋರೂ..." ಅಪ್ಪ ವೇದಿಕೆಯ ಅಂಚಿಗೆ ಬಂದರು.

"ಗೊತ್ತು. ಇವರಿಗೆ ಹೇಳಿದ್ದನ್ನೇ ನಂಗೂ ಹೇಳಿ. ನಾನು ಬೇಜಾರು ಮಾಡಿಕೊಳ್ಳಲ್ಲ." ಅವಳ ಸಣ್ಣ ದನಿ ಸಭೆಯ ಕೊನೆಯವರೆಗೂ ಕೇಳಿಸಿತು.

ಅಪ್ಪನ ಬಾಯಿ ತೆರೆಯಿತು. ಮಾತು ಹೊರಡಲಿಲ್ಲ. ಇಡೀ ಸಭೆ ಉಸಿರು ಬಿಗಿಹಿಡಿದು ಗೋಡೆ ನೋಡುತ್ತಾ ನಿಂತಿತ್ತು.

ಆಗ ಅಜ್ಜಿ ಕೋಲೂರಿ ಇತ್ತ ತಿರುಗಿದಳು.

"ನನ್ನ ಮೊಮ್ಮಗಳಿಗೆ ಬೆನ್ನು ತೋರಿಸೋ ವಯಸ್ಸಲ್ಲ ನಂದು. ಮಂಡಿನೂ ನೋಯ್ತಿದೆ. ಏ ಕೂಸೇ, ಸರ್ಕೊಂಡು ಜಾಗ ಬಿಡು."

ಅಜ್ಜಿಯ ಹಿಂದೆ ಒಬ್ಬಳು ಹೆಂಗಸು ತಿರುಗಿದಳು. ಮತ್ತೊಬ್ಬರು. ಹಾಗೆಂದು ಎಲ್ಲರೂ ತಿರುಗಲಿಲ್ಲ. ಸೋದರತ್ತೆ ತಿರುಗಲಿಲ್ಲ. ಕೆಲವರು ಎದ್ದು ಹೊರನಡೆದರು. ಅಪ್ಪ ಯಾರ ಮುಖವನ್ನೂ ನೋಡದೆ ವೇದಿಕೆ ಇಳಿದು ಪಕ್ಕದ ಬಾಗಿಲಿನಿಂದ ಹೋಗಿಬಿಟ್ಟರು.

ಉಳಿದವರ ನಡುವೆ ತಾಯಿ ಹಾಡಲು ಶುರುಮಾಡಿದಳು. ದನಿ ಒಡೆಯಿತು. ಗುಬ್ಬಿ ಜೊತೆಗೂಡಿದಳು.

ಹೊರಗೆ ಅವನು ಕಾಯುತ್ತಿದ್ದ. ಕಣ್ಣು ಕೆಂಪಾಗಿತ್ತು.

"ಏನು ಮಾಡಿಬಿಟ್ಟೆ ಗುಬ್ಬಿ..."

"ಅವತ್ತೇ ಮಾಡಬೇಕಿತ್ತು."

"ನನಗೋಸ್ಕರ ಮನೆ ಕಳ್ಕೋಬೇಡ. ಇಬ್ಬರಲ್ಲಿ ಒಬ್ಬರನ್ನ ಆರಿಸು ಅಂದ್ರೆ ಹೇಗಿರುತ್ತೆ ಅಂತ ನನಗೆ ಗೊತ್ತು. ನಿನಗೆ ಆ ಮಾತು ನಾನು ಹೇಳಲ್ಲ. ನಾನು ದೂರ ಇರ್ತೀನಿ."

"ನೀನೂ ದೂರ ಇಡ್ತೀಯಾ ನನ್ನ?"

ಅವನು ತಾಯಿಯ ಕೈ ಹಿಡಿದು ನಡೆದುಬಿಟ್ಟ.

ಆಮೇಲಿನ ದಿನಗಳು ಮನೆಯಲ್ಲಿ ಮುಳ್ಳಿನ ಮೇಲೆ ನಿಂತಂತೆ ಕಳೆದವು. ಅಪ್ಪ ಮಾತು ಬಿಟ್ಟಿದ್ದರು. ಸಭೆ ನಡೆಸುವುದನ್ನೂ ಬಿಟ್ಟಿದ್ದರು. ಗುಬ್ಬಿ ಬಡಿಸಿದ್ದನ್ನು ಉಣ್ಣುತ್ತಿದ್ದರು, ಅಷ್ಟೇ. ಅವಳು ಸಂಜೆ ತರಗತಿಗೆ ಹೊರಟರೆ ತಡೆಯುತ್ತಲೂ ಇರಲಿಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ ಅಪ್ಪ ಸೂಜಿಗೆ ದಾರ ಪೋಣಿಸಲು ಒದ್ದಾಡುತ್ತಿದ್ದರು. ಗುಬ್ಬಿ ಹೋಗಿ ಪೋಣಿಸಿ ಕೊಟ್ಟಳು.

"ಅವಳ ಕೈಯಷ್ಟು ಚೊಕ್ಕ ಕಾಜಾ ಆಮೇಲೆ ಯಾರೂ ಹೊಲೀಲಿಲ್ಲ" ಎಂದರು ಅಪ್ಪ, ಸೂಜಿಯನ್ನೇ ನೋಡುತ್ತಾ. "ನನ್ನ ಬಗ್ಗೆ ಏನಂತಾಳೆ?"

"ಚೆನ್ನಾಗಿದ್ದೀರಾ ಅಂತ ಕೇಳಿದ್ರು."

ಅಪ್ಪನ ಕಣ್ಣಿಂದ ಒಂದು ಹನಿ ಬಟ್ಟೆಯ ಮೇಲೆ ಬಿತ್ತು. ಅದನ್ನು ಹೆಬ್ಬೆರಳಿನಿಂದ ಒರೆಸುತ್ತಾ ಹೇಳಿದರು, "ನಾನು ಬಂದ್ರೆ... ಬಾಗಿಲು ತೆಗೀತಾಳಾ ಕೇಳು. ನೀನು, ನಿನ್ನ ವಿಷಯ... ಅದನ್ನೂ ಅಲ್ಲೇ ಮಾತಾಡೋಣ."

ಗುಬ್ಬಿ ಪರೀಕ್ಷೆ ಏನು ಬರೆದಳೋ ದೇವರೇ ಬಲ್ಲ. ಅವನೂ ಬರೆಯಲು ಬಂದಿದ್ದ. ಹೊರಬಂದಾಗ ಕಾರಿಡಾರಿನ ಕಿಟಕಿಗೆ ಒರಗಿ ನಿಂತಿದ್ದ. ತಪ್ಪಿಸಿಕೊಂಡು ಹೋಗಲು ನೋಡಿದವನಿಗೆ ಅಡ್ಡ ನಿಂತಳು.

"ಅಪ್ಪ ನಿಮ್ಮನೆಗೆ ಬರ್ತಾರಂತೆ. ಅಮ್ಮ ಬಾಗಿಲು ತೆಗೀತಾರಾ?"

ಅವನು ನಂಬಲಾರದೆ ನಿಂತ. "ಅಮ್ಮ ತೆಗೀತಾಳೆ. ನಾನು... ನನಗೆ ಸ್ವಲ್ಪ ಸಮಯ ಬೇಕು ಗುಬ್ಬಿ. ನಿಮ್ಮಪ್ಪನ್ನ ಒಂದೇ ದಿನಕ್ಕೆ ಕ್ಷಮಿಸೋಕೆ ನನ್ನಿಂದ ಆಗಲ್ಲ."

"ತಗೋ. ನಾನು ಅವಸರ ಮಾಡಲ್ಲ."

ಜನ ಅವರನ್ನು ದಾಟಿಕೊಂಡು ಹೋಗುತ್ತಿದ್ದರು.

"ಒಂದು ಕೇಳ್ಲಾ?" ಎಂದಳು ಗುಬ್ಬಿ. "ನಾನು ಯಾರ ಮಗಳು ಅಂತ ಮೊದಲ ದಿನವೇ ಗೊತ್ತಾಯ್ತಲ್ಲ. ಆವತ್ತೇ ಯಾಕೆ ಕೋರ್ಸು ಬಿಟ್ಟು ಹೋಗಲಿಲ್ಲ?"

"ದ್ವೇಷ ಮಾಡೋಣ ಅಂತ ಕೂತೆ." ಅವನು ಕಿಟಕಿಯಾಚೆ ನೋಡಿದ. "ಆಮೇಲೆ ಬಸ್ಸಿನಲ್ಲಿ ನಿನಗೆ ಕಿಟಕಿ ಪಕ್ಕದ ಸೀಟು ಹಿಡಿಯೋಕೆ ನಾನು ಓಡ್ತಿದ್ದೆ. ನನಗೇ ನಾಚಿಕೆ ಆಯ್ತು."

"ಅದನ್ನ ಕನ್ನಡದಲ್ಲಿ ಏನಂತಾರೆ?"

"ಪ್ರೀತಿ ಅಂತಾರೆ" ಎಂದ ಅವನು. "ಇದಕ್ಕೆ ಮಾತ್ರ ನನ್ನ ತಕರಾರಿಲ್ಲ."

ಗುಬ್ಬಿ ಅವನ ಕೈ ಹಿಡಿದಳು. ಉಗುರಿನ ಬಿಳಿ ಪುಡಿ ಅವಳ ಬೆರಳಿಗೂ ಅಂಟಿತು.

"ಬಾ, ಬಸ್ಸು ಹೋಗಿಬಿಡುತ್ತೆ."

"ಹೋಗ್ಲಿ ಬಿಡು. ಇವತ್ತು ನಡ್ಕೊಂಡೇ ಹೋಗೋಣ."