ರಕ್ತಪಿಶಾಚಿಯ ಸೀನು

"ಆಮೇಲೆ? ಬೇಗ ಹೇಳೇ!" ಚೋಟಿಯ ಮೊಣಕೈ ಜಗ್ಗಿದಳು ಕ್ಲಾಸ್ ಲೀಡರ್ ಹುಡುಗಿ.

"ಆಮೇಲೆ ಆ ರಕ್ತಪಿಶಾಚಿ ಕಿಟಕಿ ಹತ್ರ ಬಂತು." ಚೋಟಿ ದನಿ ತಗ್ಗಿಸಿದಳು. "ಒಳಗಡೆ ಒಬ್ಳು ಹುಡುಗಿ ಮಲಗಿದ್ಲು. ಪಿಶಾಚಿ ಉಗುರಲ್ಲಿ ಗಾಜು ಕೆರೀತು. ಕರ್... ಕರ್..."

ಶಾಲೆಯ ಮೆಟ್ಟಿಲ ಮೇಲೆ ಕೂತಿದ್ದ ಮಕ್ಕಳು ಊಟದ ಡಬ್ಬಿ ಮರೆತು ಬಾಯಿ ಬಿಟ್ಟು ಕೇಳುತ್ತಿದ್ದರು.

ನಿಜ ಹೇಳಬೇಕೆಂದರೆ, ಚೋಟಿ ಒಂದೇ ಒಂದು ವ್ಯಾಂಪೈರ್ ಸಿನಿಮಾವನ್ನೂ ನೋಡಿರಲಿಲ್ಲ. ಅವಳ ಅಮ್ಮನದು ಹಳೆಯ ಸಿನಿಮಾ ರೀಲುಗಳನ್ನು ಒರೆಸಿ, ಹರಿದಲ್ಲಿ ಅಂಟಿಸುವ ಕೆಲಸ. ನೂರು ವರ್ಷದ ರಕ್ತಪಿಶಾಚಿ ಸಿನಿಮಾಗಳನ್ನೆಲ್ಲ ಮುಂದಿನ ತಿಂಗಳು ಚಿತ್ರೋತ್ಸವವೊಂದರಲ್ಲಿ ಸಾಲಾಗಿ ತೋರಿಸುವವರಿದ್ದರು. ಹಾಗಾಗಿ ಅಮ್ಮನ ಮೇಜಿನ ತುಂಬ ಅವೇ. ಶಾಲೆ ಬಿಟ್ಟ ಮೇಲೆ ಚೋಟಿ ಅಲ್ಲೇ ಮೂಲೆಯಲ್ಲಿ ಕೂತು ರೀಲಿನ ತುಂಡುಗಳನ್ನು ದೀಪಕ್ಕೆ ಹಿಡಿದು ನೋಡುತ್ತಿದ್ದಳು.

ಮೊದಮೊದಲ ಪಿಶಾಚಿಗೆ ಮಾತೂ ಇಲ್ಲ, ಬಣ್ಣವೂ ಇಲ್ಲ. ಆಮೇಲಿನದಕ್ಕೆ ಬಣ್ಣ ಬಂದಿತ್ತು, ರಕ್ತ ಮಾತ್ರ ಟೊಮೆಟೊ ಸಾಸಿನ ಹಾಗಿತ್ತು. ಈಚಿನದು ಜೀನ್ಸ್ ಹಾಕಿಕೊಂಡು ಕಾಲೇಜಿಗೇ ಹೋಗುತ್ತಿತ್ತು! ವರ್ಷ ಉರುಳಿದಂತೆ ಬಟ್ಟೆಬರೆ ಸುಧಾರಿಸಿದ್ದರೂ ಹಲ್ಲು ಅದೇ ಹಲ್ಲು. ನಡುವಿನ ಕತೆಯನ್ನೆಲ್ಲ ಚೋಟಿಯೇ ಹೆಣೆಯುತ್ತಿದ್ದಳು.

ಈ ಶಾಲೆಗೆ ಬಂದು ಎರಡು ತಿಂಗಳಾಗಿತ್ತು. ಮೊದಲ ತಿಂಗಳು ಅವಳನ್ನು "ಊಟ ಆಯ್ತಾ" ಅಂತ ಕೇಳಿದವರೂ ಇರಲಿಲ್ಲ. ಒಂದು ದಿನ ಬಾಯಿತಪ್ಪಿ ಪಿಶಾಚಿಯ ಸುದ್ದಿ ಎತ್ತಿದ್ದೇ ತಡ, ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಎಲ್ಲರೂ ಮುತ್ತಿಕೊಂಡಿದ್ದರು.

ಮುಂದಿನ ವಾರ ಮಿಸ್ ಅವಳನ್ನು ಕರೆದರು.

"ಬಿ ಸೆಕ್ಷನ್‌ನಲ್ಲಿ ದಪ್ಪ ಕನ್ನಡಕದ ಹುಡುಗಿ ಇದಾಳಲ್ಲ, ನಾಲ್ಕು ದಿನದಿಂದ ಶಾಲೆಗೇ ಬಂದಿಲ್ಲ. ಕಿಟಕಿ ನೋಡಿದ್ರೆ ಸಾಕು, ಕಿರುಚ್ತಾಳಂತೆ. ಅವರಪ್ಪ ಬಂದು ಹೇಳಿ ಹೋದ್ರು. ಇನ್ಮೇಲೆ ಆ ಕತೆ ಬೇಡ. ಆಯ್ತಾ?"

ಮಕ್ಕಳೆಲ್ಲ ಸೋಡಾಬುಡ್ಡಿ ಅನ್ನುತ್ತಿದ್ದ ಹುಡುಗಿ. ಎಷ್ಟು ಯೋಚಿಸಿದರೂ ಚೋಟಿಗೆ ಕನ್ನಡಕ ನೆನಪಾಯಿತೇ ಹೊರತು ಮುಖ ನೆನಪಾಗಲಿಲ್ಲ.

"ಇವತ್ತು ಕಾಲೇಜ್ ಪಿಶಾಚಿ ತಾನೆ?" ಊಟದ ಹೊತ್ತಿಗೆ ಲೀಡರ್ ಕೇಳಿದಳು.

"ಮಿಸ್ ಬೇಡ ಅಂದಿದಾರೆ."

"ಹಾಗಾದ್ರೆ ಇಲ್ಲೇನು ಕೆಲ್ಸ? ಬನ್ರೇ, ಆಟ ಆಡೋಣ."

"ನಾನೂ ಬರ್ಲಾ?" ಅಂದಳು ಚೋಟಿ. ಯಾರೂ ತಿರುಗಲಿಲ್ಲ. ಕೇಳಿಸಿತ್ತೋ ಇಲ್ಲವೋ. ಮೆಟ್ಟಿಲು ಖಾಲಿಯಾಯಿತು. ಚೋಟಿ ಅರ್ಧ ಉಂಡ ಡಬ್ಬಿಯ ಮುಚ್ಚಳ ಹಾಕಿದಳು.

ಸಂಜೆ ಅಮ್ಮ ಅವಳ ಮುಖ ನೋಡಿದ್ದೇ ಕೈಗವಸು ಬಿಚ್ಚಿದಳು. "ಏನಾಯ್ತೇ?"

ಚೋಟಿ ಎಲ್ಲ ಹೇಳಿದಳು.

"ಆ ಹುಡುಗೀನ ಹೆದರಿಸ್ಬೇಕು ಅಂತಿತ್ತಾ ನಿಂಗೆ?"

"ಇಲ್ಲಮ್ಮ. ಕತೆ ನಿಲ್ಲಿಸಿದ್ರೆ ಎಲ್ರೂ ಎದ್ದು ಹೋಗ್ತಾರೆ ಅಂತ..."

ಅಮ್ಮ ಕಸದ ಡಬ್ಬದಲ್ಲಿ ತಡಕಾಡಿ ಮಾರುದ್ದದ ರೀಲಿನ ತುಂಡು ತೆಗೆದಳು. "ಸಿನಿಮಾದಿಂದ ಕತ್ತರಿಸಿ ಬಿಸಾಕಿದ್ದು. ನೋಡು."

ಪಿಶಾಚಿ ಕೋರೆಹಲ್ಲು ಕಿರಿದು ಕೈ ಎತ್ತಿತ್ತು. ಮುಂದೆ ಸರಿಸಿದರೆ ಮೂಗು ಸುರುಟಿಕೊಂಡಿತು. ಇನ್ನೂ ಮುಂದೆ, ಆ... ಆ... ಆಕ್ಷಿ! ಸೀನಿದ ರಭಸಕ್ಕೆ ಒಂದು ಕೋರೆಹಲ್ಲು ಹಾರಿಹೋಗಿತ್ತು. ಕೊನೆಯಲ್ಲಿ ಪಾಪ, ಪಿಶಾಚಿ ನೆಲದ ಮೇಲೆ ಹಲ್ಲು ಹುಡುಕುತ್ತಿತ್ತು.

"ಅಮ್ಮಾ, ಇದು ನಂಗೆ ಬೇಕು. ಒಬ್ಳಿಗೆ ತೋರಿಸ್ಬೇಕು."

ಮರುದಿನ ಮಿಸ್ ಹತ್ತಿರ ಸೋಡಾಬುಡ್ಡಿಯ ಮನೆ ವಿಳಾಸ ಕೇಳಿಕೊಂಡು ಅಮ್ಮನ ಜೊತೆ ಹೊರಟಳು. ಹೊಲಿಗೆ ಅಂಗಡಿಯ ಮೇಲಿನ ಮನೆ. ಅಮ್ಮ ಕೆಳಗೇ ನಿಂತಳು. ಕೊರಳಿಗೆ ಟೇಪು ಹಾಕಿಕೊಂಡಿದ್ದ ದರ್ಜಿ, ಆ ಹುಡುಗಿಯ ಅಪ್ಪ, ಬಾಗಿಲು ತೆರೆದ.

"ನೀನೇನಾ ಆ ಕತೆ ಹುಡುಗಿ?"

"ಹೌದು ಅಂಕಲ್. ತಪ್ಪಾಯ್ತು. ಹೆದರಿಕೆ ಹೋಗೋ ಹಾಗೆ ಒಂದು ರೀಲು ತಂದಿದೀನಿ."

ದರ್ಜಿ ಅವಳನ್ನೇ ದಿಟ್ಟಿಸಿ ನೋಡಿ, ಪಕ್ಕಕ್ಕೆ ಸರಿದ.

ಒಳಕೋಣೆಯಲ್ಲಿ ಹಾಡುಹಗಲೇ ಕಿಟಕಿಯ ಪರದೆಗೆ ಪಿನ್ನು ಚುಚ್ಚಿ ಮುಚ್ಚಿತ್ತು. ಸೋಡಾಬುಡ್ಡಿ ಕುತ್ತಿಗೆಯವರೆಗೂ ಹೊದ್ದು ಕೂತಿದ್ದಳು.

"ಇದನ್ನ ನೋಡೋಕೆ ಬೆಳಕು ಬೇಕು," ಅಂದಳು ಚೋಟಿ.

"ಪರದೆ ತೆಗೀಬೇಡ!"

"ಒಂದೇ ಬೆರಳಷ್ಟು. ನಾನೇ ಮುಂದೆ ನಿಂತ್ಕೋತೀನಿ."

ಸೋಡಾಬುಡ್ಡಿ ಒಲ್ಲದ ಮನಸ್ಸಿನಿಂದ ತಲೆಯಾಡಿಸಿದಳು. ಬೆರಳಗಲದ ಬಿಸಿಲಿಗೆ ರೀಲು ಹಿಡಿದರು. ಚೋಟಿ ಮೆಲ್ಲಗೆ ಸರಿಸುತ್ತ ಹೋದಳು.

"ಅಯ್ಯೋ, ಹಲ್ಲು ಬಿತ್ತು!" ಸೋಡಾಬುಡ್ಡಿ ಕಿಸಕ್ಕನೆ ನಕ್ಕಳು. "ಇನ್ನೊಂದ್ಸಲ!" ಸರಿಯಾಗಿ ಕಾಣಲೆಂದು ಪರದೆಯನ್ನು ತಾನೇ ಇನ್ನಷ್ಟು ಸರಿಸಿದಳು.

ಆರು ಸಲ ನೋಡಿದ ಮೇಲೆ ಕನ್ನಡಕ ಒರೆಸಿಕೊಳ್ಳುತ್ತ ಹೇಳಿದಳು, "ನಂಗೆ ಮೊದಲ್ನೇ ದಿನಾನೇ ಹೆದರಿಕೆ ಆಗಿತ್ತು."

"ಮತ್ತೆ ದಿನಾ ಯಾಕೆ ಬರ್ತಿದ್ದೆ?"

"ಎಲ್ರೂ ಅಲ್ಲೇ ಕೂರ್ತಿದ್ರಲ್ಲ. ಯಾರೂ ನನ್ನ ಏಳು ಅನ್ನಲಿಲ್ಲ."

ಚೋಟಿ ಅವಳ ಪಕ್ಕ ಕೂತಳು. "ಅದಕ್ಕೂ ಮುಂಚೆ ಎಲ್ಲಿ ಊಟ ಮಾಡ್ತಿದ್ದೆ?"

"ನೀರಿನ ಟ್ಯಾಂಕ್ ಹಿಂದೆ. ಒಬ್ಳೇ."

ಚೋಟಿಯ ಕೈಯಲ್ಲಿದ್ದ ರೀಲು ಕೆಳಗಿಳಿಯಿತು. ಶಾಲೆಗೆ ಬಂದ ಮೊದಲ ತಿಂಗಳಿಡೀ ತಾನು ಊಟಕ್ಕೆ ಕೂತಿದ್ದು ಅದೇ ಟ್ಯಾಂಕಿನ ಮುಂದೆ, ಅದರ ತಣ್ಣನೆಯ ಗೋಡೆಗೆ ಒರಗಿಕೊಂಡು. ಆ ಕಡೆಯಿಂದ ದಿನವೂ ಡಬ್ಬಿಯ ಮುಚ್ಚಳ ಹಾಕುವ ಸದ್ದು ಕೇಳುತ್ತಿತ್ತು. ಯಾರದೆಂದು ಅವಳು ಒಮ್ಮೆಯೂ ಬಗ್ಗಿ ನೋಡಿರಲಿಲ್ಲ.