ಉಪ್ಪಿನಕಾಯಿ ಅಮ್ಮಣ್ಣಿ ಚಾಳು, ಹಾಳೆ 42

“ನನ್ನ ಅಮ್ಮನ ಹೆಸರು ನಿಮ್ಮ ಪೆಟ್ಟಿಗೇಲಿ ಯಾಕ್ರೀ ಇದೆ?”

ಸುಮಿತ್ರಾ ಕಾರ್ಡನ್ನು ಮುರಿಗೆಪ್ಪನ ಮುಖದ ಮುಂದೆ ಹಿಡಿದಳು. ‘ಉಪ್ಪಿನಕಾಯಿ ಅಮ್ಮಣ್ಣಿ ಚಾಳು, ಚೆಂಬೂರು. ಹಾಳೆ 42.’

ಅವನು ಗಾಬರಿಯಾಗಿ ಎದ್ದು ನಿಂತ. ವಿಜಾಪುರದ ಕಡೆಯವನು. ಅವಳು ಕೌಂಟರಿನಲ್ಲಿ ಕೂರುವ ಮುಂಬಯಿಯ ಈ ನಕ್ಷೆ ಕಚೇರಿಗೆ ಹಂಗಾಮಿ ನೌಕರನಾಗಿ ಬಂದು ಎರಡೇ ತಿಂಗಳಾಗಿತ್ತು.

“ಅವರು ನಿಮ್ಮ ತಾಯಿ ಅಂತ ನನಗ ಗೊತ್ತಿರ್ಲಿಲ್ರಿ...”

“ಸುಳ್ಳು!”

ಅವಳೂ ಅಮ್ಮನೂ ಇರುವ, ಅಮ್ಮನ ಉಪ್ಪಿನಕಾಯಿಯಿಂದಲೇ ಹೆಸರಾದ ಆ ಸಾಲುಮನೆಗಳ ಚಾಳನ್ನು ಕೆಡವಲು ಒಬ್ಬ ಬಿಲ್ಡರ್ ವರ್ಷದಿಂದ ಹೊಂಚು ಹಾಕಿದ್ದ. ಯಾವ ಖೋಲಿಯಲ್ಲಿ ಯಾರಿದ್ದಾರೆಂದು ಯಾರೋ ಅವನಿಗೆ ಸುದ್ದಿ ಮುಟ್ಟಿಸುತ್ತಿದ್ದರು. ಬಂದವರನ್ನೆಲ್ಲ ಇವನು ಬೆಂಚಿನ ಮೇಲೆ ಕೂರಿಸಿ ಮಾತಾಡಿಸುತ್ತಿದ್ದುದು ಇದಕ್ಕೇನಾ?

ದಿನಾ ಸಂಜೆ ಸ್ಟೇಷನ್ನಿನವರೆಗೆ ಜೊತೆಯಲ್ಲಿ ನಡೆದವನು! ಆ ನಗುವನ್ನು ನಂಬಿದೆನಲ್ಲ... ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಅಂದು ಒಬ್ಬಳೇ ಹೊರಟುಹೋದಳು.

ಮರುದಿನ ದೂರು ಬರೆದು ಪರ್ಸಿನಲ್ಲಿಟ್ಟುಕೊಂಡು ಬಂದಳು. ಸಾಹೇಬರ ಕೈಗೆ ಕೊಟ್ಟರೆ ಅವನ ನೌಕರಿ ಅಂದೇ ಹೋಗುತ್ತಿತ್ತು.

ಸಾಹೇಬರು ಬಂದಿರಲಿಲ್ಲ. ಮುಲುಂಡ್ ಲೋಕಲ್ ರೈಲು ತಡವಾಗಿ ಮುರಿಗೆಪ್ಪನೂ ಬಂದಿರಲಿಲ್ಲ. ಬಂದವಳು ಭಾಗವ್ವ, ಕಟ್ಟಡದ ಕೆಲಸದವಳು.

ನಳದ ಅರ್ಜಿಗೆ ಖೋಲಿಯ ನಕ್ಷೆ ಬೇಕೆಂದು ಅವಳು ಎರಡು ಸಲ ಬಂದಿದ್ದಳು. ಎರಡು ಸಲವೂ “ಸರ್ವೆ ನಂಬರ್ ತನ್ನಿ” ಎಂದು ಸುಮಿತ್ರಾ ವಾಪಸ್ ಕಳಿಸಿದ್ದಳು. ಸರ್ವೆ ನಂಬರ್ ಬಾಯಿಪಾಠ ಮಾಡಿಕೊಂಡು ಯಾರು ಬದುಕುತ್ತಾರೆ, ಹೇಳಿ?

“ನಂಬರ್ ನನಗೇನ್ ಗೊತ್ತವ್ವಾ? ಪೀಪಾ ಕಾರ್ಖಾನಿ ಹಿಂದ, ಹುಣಸಿ ಗಿಡದ ಬಾಜೂಕ ಐತಿ. ಮೊನ್ನೆ ಆ ತಮ್ಮಗ ಎಲ್ಲಾ ಹೇಳೇನಲ್ಲ!”

ಸುಮಿತ್ರಾ ಒಲ್ಲದ ಮನಸ್ಸಿನಿಂದ ಅವನ ಪೆಟ್ಟಿಗೆ ತೆರೆದಳು. ‘ಪೀಪಾ ಕಾರ್ಖಾನೆ ಹಿಂದೆ, ಹುಣಸೆಮರ. ಹಾಳೆ 17.’

ಆರುನೂರು ನಕ್ಷೆ ಹಾಳೆಗಳಲ್ಲಿ ಆ ಒಂದನ್ನು ಎಳೆದು ಬಿಡಿಸಿದರೆ... ಇತ್ತು! ಪೆನ್ಸಿಲ್ಲಿನ ಪುಟ್ಟ ಗುರುತಿನ ಸಮೇತ.

“ಇದು ನನ್ನ ಮನಿ?” ಭಾಗವ್ವ ಗುರುತಿನ ಮೇಲೆ ಬೆರಳಿಟ್ಟಳು. ಬಹಳ ಹೊತ್ತು ತೆಗೆಯಲಿಲ್ಲ.

ಸುಮಿತ್ರಾ ಉಳಿದ ಕಾರ್ಡುಗಳನ್ನೂ ಒಂದೊಂದಾಗಿ ನೋಡಿದಳು. ಯಾವ ಖೋಲಿಯಲ್ಲಿ ಯಾರಿದ್ದಾರೆಂಬುದು ಎಲ್ಲೂ ಇರಲಿಲ್ಲ. ತಮ್ಮ ಜಾಗವನ್ನು ಜನ ಏನೆಂದು ಕರೆಯುತ್ತಾರೋ ಅದು, ಮತ್ತೆ ಹಾಳೆಯ ನಂಬರ್, ಅಷ್ಟೇ.

ಅಯ್ಯೋ, ಎಂಥ ಕೆಲಸ ಮಾಡ್ತಿದ್ದೆ!

ಮುರಿಗೆಪ್ಪ ಬೆವರೊರೆಸುತ್ತ ಒಳಗೆ ಬಂದಾಗ, ಹರಿದ ದೂರಿನ ತುಂಡುಗಳನ್ನು ಅವನ ಮುಂದಿಟ್ಟಳು.

“ನಿಮ್ಮ ಕೆಲಸ ಹೋಗ್ಲಿ ಅಂತ ಬರೆದಿದ್ದೆ. ಕ್ಷಮಿಸಿ...”

“ನೌಕರಿ ಹೋದ್ರ ಹೋಗ್ಲಿ ಬಿಡ್ರಿ. ನಿನ್ನೆ ಒಬ್ಬರೇ ಸ್ಟೇಷನ್ನಿಗೆ ಹೋದ್ರಲ್ಲ, ಅದು ತಡಕೊಳ್ಳಾಕ ಆಗಲಿಲ್ಲ. ನಿಮ್ಮನ್ನ ಭಾಳ ಹಚ್ಕೊಂಡೀನ್ರಿ...”

ಅವಳ ಕಣ್ಣು ತುಂಬಿತು. ಒಂದು ಖಾಲಿ ಕಾರ್ಡು ತೆಗೆದುಕೊಂಡಳು.

“ನಿಮ್ಮನ್ನ ಹುಡುಕೋಕೆ ಏನಂತ ಬರೀಲಿ?”

ಅವನು ಕಿವಿಯವರೆಗೂ ಕೆಂಪಾದ.

“ಅಮ್ಮಣ್ಣಿಯವರ ಅಳಿಯ... ಅಂತ ಬರೀರಿ.”

ಪೆನ್ನು ನಿಂತಿತು. ಅವಳು ತಲೆಯೆತ್ತಲಿಲ್ಲ.

“ಹಾಳೆ ನಂಬರ್?”

“ಅದನ್ನ ನೀವ ಹೇಳ್ಬೇಕ್ರಿ.”

“ನಲವತ್ತೆರಡು,” ಎಂದು ಸುಮಿತ್ರಾ ಬರೆದಳು.