ರತ್ನಮಾಲಾ ಬರೆದ ಆಕಾಶದ ಲೆಕ್ಕ

"ನಾಚಿಕಿ ಬರಲ್ಲೇನ್ರಿ ನಿಮಗ? ಆರು ತಿಂಗಳು ಕಣ್ಣು ಹಾಳು ಮಾಡ್ಕೊಂಡು ಬರದಾಕಿ ನಾ. ಹೆಸರು ನಿಮ್ದಾ?"

ರತ್ನಮಾಲಾ ಕಾಗದವನ್ನು ಅಜೀತನ ಮುಂದೆ ಎಸೆದಳು. ಹುಮನಾಬಾದಿನ ಆ ಕಂಪ್ಯೂಟರ್ ಸೆಂಟರಿನಲ್ಲಿ ಇಬ್ಬರೂ ಪಾಠ ಹೇಳುವವರು. ಅದು 2006ನೇ ಇಸವಿ.

"ಏನ್ ಮಾತಾಡಾಕತ್ತೀರಿ? ನನಗೇನೂ ಗೊತ್ತಿಲ್ರಿ!"

"ಗೊತ್ತಿಲ್ಲಂತ! ಓದ್ರಿ!"

ಪುಣೆಯ ಖಗೋಳ ವಿಜ್ಞಾನಿಯೊಬ್ಬರು ಸೆಂಟರಿಗೆ ಕಳಿಸಿದ ಮೇಲ್ ಅದು. 'ಅಜೀತ ಅವರ ಲೈಬ್ರರಿ ನಮಗೆ ಬಹಳ ಉಪಯೋಗವಾಗಿದೆ...'

ಲೈಬ್ರರಿ ಎಂದರೆ ಯಾರು ಬೇಕಾದರೂ ತಮ್ಮ ಪ್ರೋಗ್ರಾಮಿಗೆ ಜೋಡಿಸಿಕೊಳ್ಳಬಹುದಾದ ಕೋಡು. ರತ್ನಮಾಲಾಳ ಕೋಡು ದೂರದರ್ಶಕ ಆಕಾಶದಲ್ಲಿ ಎಲ್ಲೆಲ್ಲಿ ನೋಡಿದೆ, ಎಲ್ಲಿ ನೋಡಲಾಗಿಲ್ಲ ಎಂದು ಹೇಳುತ್ತಿತ್ತು. ಪ್ರಖರ ನಕ್ಷತ್ರವೊಂದು ಕ್ಯಾಮೆರಾದ ಕಣ್ಣು ಕುಕ್ಕಿದರೆ, ಅದರ ಸುತ್ತ ವೃತ್ತ ಹಾಕಿ ಅಷ್ಟು ಜಾಗವನ್ನು ನೋಡಿದ್ದರ ಲೆಕ್ಕದಿಂದ ಬಿಡಬೇಕು. ಬಿಡದಿದ್ದರೆ ಅಲ್ಲಿ ಏನೂ ಇಲ್ಲವೆಂದೇ ಜಗತ್ತು ನಂಬಿಬಿಡುತ್ತದೆ!

'ಇಂಥವನನ್ನ ಮನಸಿನಾಗ ಇಟ್ಕೊಂಡಿದ್ನಲ್ಲ...' ಅವಳ ಎದೆ ಉರಿಯಿತು.

ಮಾಲೀಕ ಗುರುನಾಥ ನಗುತ್ತ ಒಳಗಿನಿಂದ ಬಂದ.

"ಕೋಡು ನೆಟ್ಟಿಗೆ ಹಾಕೂವಾಗ ಹೆಸರು ಬದಲಿಸಿದಾಂವ ನಾನ. ಹೆಣ್ಮಗಳು ಬರದಾಳಂದ್ರ ಯಾರ್ ನಂಬ್ತಾರವಾ? ಸುಮ್ನ ಇರು."

ಅಜೀತನ ಮುಖ ಕೆಂಪಾಯಿತು. ಮೇಲ್‌ನ ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದ.

"'ಎರಡು ವೃತ್ತಗಳು ಒಂದರ ಮೇಲೊಂದು ಬಿದ್ದರೆ ವಿಸ್ತೀರ್ಣ ಹೇಗೆ ತೆಗೆದಿರಿ?' ನನಗ ಗೊತ್ತಿಲ್ಲ ನೋಡ್ರಿ. ಬರದಾಕಿನ ಹೇಳಬೇಕು."

ರತ್ನಮಾಲಾ ತಲೆ ಎತ್ತಿದಳು.

"ನಮ್ಮವ್ವ ಕೌದಿ ಹೊಲಿಯೋದು ನೋಡಿ ಹೊಳೀತು. ಬಟ್ಟಿ ತುಂಡಿನ ಮ್ಯಾಲ ತುಂಡು ಬಿದ್ದಲ್ಲಿ ಜಾಗ ಎರಡಾಗಲ್ಲ. ಒಂದ ಸರ್ತಿ ಲೆಕ್ಕಕ್ಕ ಹಿಡೀಬೇಕು."

ಅಜೀತ ಅಷ್ಟನ್ನೂ ಟೈಪ್ ಮಾಡಿದ. ಕೆಳಗೆ ಇನ್ನೊಂದು ಸಾಲು ಸೇರಿಸಿದ: 'ಇದನ್ನು ಬರೆದವರು ರತ್ನಮಾಲಾ. ನಾನಲ್ಲ.' ಗುರುನಾಥ ಮೌಸಿಗೆ ಕೈ ಹಾಕುವಷ್ಟರಲ್ಲಿ ಮೇಲ್ ಹೋಗಿಯಾಗಿತ್ತು!

"ನೌಕರಿ ಬೇಕೋ ಬ್ಯಾಡೋ ನಿನಗ?"

"ಬ್ಯಾಡ್ರಿ."

ಸೆಂಟರಿನ ಕೀಲಿಕೈಯನ್ನು ಮೇಜಿನ ಮೇಲಿಟ್ಟು ಅಜೀತ ಅವಳತ್ತ ತಿರುಗಿದ.

"ನಿಮ್ಮ ಕೋಡು ಓದೇ ನಿಮ್ಮನ್ನ ಪ್ರೀತಿಸಿದಾಂವ ನಾ, ಮಾಲಾ. ಅದನ್ನ ಹ್ಯಾಂಗ ಕದೀಲಿ?"

ಅವಳ ಕುತ್ತಿಗೆ ಬಾಗಲಿಲ್ಲ. ಜಗತ್ತಿನ ಮುಂದೆ ತನ್ನ ಹೆಸರು ನಿಂತಿತ್ತು!

"ಅಷ್ಟೆಲ್ಲ ಬೈದೀನಿ... ಸಿಟ್ಟಿಲ್ಲೇನ್ರಿ?"

"ಅದ. ಊರಿಗೆ ಹೋಗೋ ಕಲ್ಯಾಣದ ಬಸ್ಸಿನ್ಯಾಗ ಬಾಜೂ ಕೂತ್ರ ಹೋಗ್ತದ."

"ಕಿಡಕಿ ಕಡೆ ನಾ ಕೂಡ್ತೀನಿ ಮತ್ತ!"

ತನ್ನ ಸೀಡಿಗಳನ್ನು ಚೀಲಕ್ಕೆ ತುಂಬಿ ಅವಳೇ ಮುಂದಾಗಿ ಹೊರಟಳು. ಹಿಂದೆ ಗುರುನಾಥ ಕೂಗುತ್ತಲೇ ಇದ್ದ. ಇಬ್ಬರೂ ಆ ಮೆಟ್ಟಿಲನ್ನು ಮತ್ತೆಂದೂ ಹತ್ತಲಿಲ್ಲ.